ಹುಳು ಮನೆಗೆ ಕಾಲಿಡದ ವಿಜ್ಞಾನಿ

ಮೊನ್ನೆ ಚಿಂತಾಮಣಿ ಬಸ್ಸಿನಲ್ಲಿ ಪಕ್ಕದ ಸೀಟಿಗೆ ಬಂದು ಕೂತವರ ಸೆಂಟಿನ ವಾಸನೆ ಮೂಗಿಗೆ ಬಡಿಯಿತು. ನಾನು ಹೊರಟಿದ್ದದ್ದೇ ನಮ್ಮ ರೇಷ್ಮೆ ಸಂಶೋಧನಾ ಕೇಂದ್ರದ ಹಳೆಯ ಮುಖ್ಯಸ್ಥರ ಶ್ರದ್ಧಾಂಜಲಿ ಸಭೆಗೆ. ಸತ್ತವರೇ ಎದ್ದು ಬಂದು ಪಕ್ಕದಲ್ಲಿ ಕೂತ ಹಾಗಾಯಿತು. ಅವರೂ ಅದೇ ಸೆಂಟು ಹಾಕುತ್ತಿದ್ದರು...

ರೇಷ್ಮೆ ಹುಳುವಿಗೆ ಸೆಂಟಿನ ವಾಸನೆ ಆಗುವುದಿಲ್ಲ. ಕೆಂಚಾರ್ಲಹಳ್ಳಿಯ ಹೆಂಗಸರು ಹುಳು ಮನೆಗೆ ಹೋಗುವಾಗ ಮುಡಿದ ಮಲ್ಲಿಗೆಯನ್ನೂ ತೆಗೆದಿಟ್ಟು ಹೋಗುತ್ತಾರೆ. ನಮ್ಮ ಸಾಹೇಬರು ಮಾತ್ರ ದಿನವೂ ಘಮಘಮ ಅಂತಲೇ ಬರುತ್ತಿದ್ದರು. ಒಳಗೆ ಹೋಗುವ ಯೋಚನೆ ಇದ್ದವರು ಹಾಗೆ ಬರುತ್ತಾರೆಯೇ? ಫೋಟೊ ಬೇಕಾದಾಗ ಕಿಟಕಿಯ ಹೊರಗೆ ನಿಂತು ಹುಳು ನೋಡುವಂತೆ ಮುಖ ಮಾಡುತ್ತಿದ್ದರು. ಆದರೂ ನಮ್ಮಲ್ಲಿ ಯಾರು ಪ್ರಬಂಧ ಬರೆದರೂ ಮೊದಲ ಹೆಸರು ಅವರದೇ.

"ವಯಸ್ಸಾದ್ರೆ ವಿಜ್ಞಾನಿ ತಲೆ ಓಡಲ್ಲ ಅಂತಾರೆ. ನನ್ ನೋಡ್ರಪ್ಪ, ವರ್ಷ ವರ್ಷ ಪೇಪರ್ ಜಾಸ್ತಿ ಆಗ್ತಾನೇ ಇದೆ," ಎಂದು ಮೀಸೆ ತಿರುವುತ್ತಿದ್ದರು. ಆಗದೆ ಏನು? ವರ್ಷ ವರ್ಷ ಹೊಸಬರು ಬಂದು ಸೇರುತ್ತಿದ್ದೆವಲ್ಲ.

ಬೇಸಿಗೆಯ ಸೆಕೆ ತಡೆಯುವ ಹುಳುವಿನ ತಳಿಯೊಂದರ ಮೇಲೆ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೆ. ಯುವ ವಿಜ್ಞಾನಿಗಳಿಗೆ ಕೊಡುವ ಫೆಲೋಶಿಪ್‌ಗೆ ಅರ್ಜಿ ಹಾಕಲು ಆ ಪ್ರಬಂಧದಲ್ಲಿ ನನ್ನ ಹೆಸರು ಮೊದಲಿರಬೇಕಿತ್ತು. ಅದು ಸಿಕ್ಕಿದ್ದರೆ ನನ್ನದೇ ಒಂದು ಪ್ರಯೋಗಾಲಯ ಆಗುತ್ತಿತ್ತು. ನಾಚಿಕೆ ಬಿಟ್ಟು ಕೇಳಿದೆ. "ನಿಂಗಿನ್ನೂ ವಯಸ್ಸಿದೆ ಕಣಮ್ಮ, ಅವಸರ ಯಾಕೆ?" ಎಂದು ತಮ್ಮ ಹೆಸರನ್ನೇ ಹಾಕಿಕೊಂಡರು. ಮುಂದಿನದಕ್ಕೂ ಅದೇ ಮಾತು. ಕೊನೆಗೂ ಒಂದರಲ್ಲಿ ನನ್ನ ಹೆಸರು ಮೊದಲು ಬರುವಷ್ಟರಲ್ಲಿ ಫೆಲೋಶಿಪ್‌ನ ವಯೋಮಿತಿ ದಾಟಿತ್ತು. ವಿನಾಯಿತಿಗೆ ಶಿಫಾರಸು ಮಾಡಿ ಸಾರ್ ಎಂದು ಬೇಡಿದರೆ ಕನ್ನಡಕದ ಮೇಲಿಂದ ನೋಡಿ, "ಅಯ್ಯೋ, ವಯಸ್ಸು ದಾಟೋಯ್ತಲ್ಲಮ್ಮ," ಅಂದರು. ಅದೇ ನಾಲಿಗೆ...

ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು, ಇಳಿವಯಸ್ಸಿನಲ್ಲೂ ಬತ್ತದ ಪ್ರತಿಭೆ ಎಂದು ಹೊಗಳಿದರು. ಬರೆದುಕೊಟ್ಟ ನಾವೆಲ್ಲ ಎದುರಿಗೇ ಕೂತಿದ್ದೆವು. ಪರದೆಯ ಮೇಲೆ ಅವರ ಪ್ರಬಂಧಗಳ ಹೆಸರು ಓಡುತ್ತಿತ್ತು. ನನ್ನ ತಳಿಯ ಹೆಸರೂ ಬಂತು, ಹೋಯಿತು. ಇದ್ದಕ್ಕಿದ್ದಂತೆ ಅಳು ಉಕ್ಕಿತು. ಅದರಲ್ಲಿ ಅವರಿಗೆಂದು ಒಂದು ಹನಿಯೂ ಇರಲಿಲ್ಲ. ಪ್ರಯೋಗಾಲಯ ಕಟ್ಟಬಹುದಾಗಿದ್ದ ನನ್ನ ಆ ವಯಸ್ಸು ಇನ್ನು ಬರುವುದಿಲ್ಲ...

ಹೊರಡುವಾಗ ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ಎಲ್ರೂ ಚೆನ್ನಾಗಿ ಮಾತಾಡಿದ್ರು. ಅತ್ತಿದ್ದು ನೀನೊಬ್ಳೇ ಕಣಮ್ಮ," ಅಂದರು.

ಆ ವಯಸ್ಸಾದ ಹೆಂಗಸಿಗೆ ಏನಂತ ಹೇಳಲಿ? ಹೌದು ಎಂದು ತಲೆಯಾಡಿಸಿದೆ.