ನೂರಾ ಹತ್ತು ಪರ್ಸೆಂಟಿನ ವರದಿ

“ಸರ್, ನೀವು ಬರದದ್ದು ಕೂಡಿಸಿದ್ರ ನೂರಾ ಹತ್ತಾಗತೈತ್ರಿ. ಕಡೀದು ಕೆಳಗ ಬೀಳತೈತ್ರಿ.”

ನಮ್ಮ ಏಳನೇ ತರಗತಿಯ ಹುಲಿಗೆಮ್ಮ ಎದ್ದು ನಿಂತು ಹೀಗೆಂದಾಗ, ತಪಾಸಣೆಗೆ ಬಂದಿದ್ದ ಅಧಿಕಾರಿಯ ಕೈಯಲ್ಲಿನ ಸೀಮೆಸುಣ್ಣ ಗಕ್ಕನೆ ನಿಂತಿತು. ಯಲಬುರ್ಗಾ ಕಡೆಯ ನಮ್ಮ ಹಳ್ಳಿ ಶಾಲೆಯ ಮಕ್ಕಳ ಗಣಿತದ ಮಟ್ಟವನ್ನು ಅವರು ಬೋರ್ಡಿನ ಮೇಲೆ ಶೇಕಡಾ ಲೆಕ್ಕದಲ್ಲಿ ಬರೆದಿದ್ದರು: ಜಾಣರು ಮೂವತ್ತು, ಸಾಧಾರಣ ನಲವತ್ತು, ದಡ್ಡರು ನಲವತ್ತು.

ಅದಕ್ಕೂ ಹತ್ತು ನಿಮಿಷ ಮೊದಲು ಅವರೇ ನಮ್ಮ ತರಗತಿಯ ಕಂಪ್ಯೂಟರಿನ ವೈರು ಕೀಳಿಸಿ, ಅದನ್ನು ಬೀರುವಿನಲ್ಲಿ ಇಡಿಸಿದ್ದರು. “ಬಣ್ಣದ ಡಬ್ಬಿ ಜೋಡಿಸಿದ್ರ ಗಣಿತ ಬರತೈತೇನ್ರಿ ಮಾಸ್ತರ?” ಎಂದು ಮಕ್ಕಳೆದುರೇ ನನ್ನನ್ನು ಗದರಿದ್ದರು. ಮಕ್ಕಳು ಅದರಲ್ಲಿ ಡಬ್ಬಿಯಂಥ ಬಣ್ಣದ ಚೌಕಗಳನ್ನು ಜೋಡಿಸಿ ವೆಬ್ ಪುಟ ಮಾಡುತ್ತ ಶೇಕಡಾ ಕಲಿಯುತ್ತಿದ್ದರು. ಒಂದು ಸಾಲಿನ ಡಬ್ಬಿಗಳ ಅಗಲ ಒಟ್ಟು ಶೇಕಡಾ ನೂರು ದಾಟಿದರೆ, ಕೊನೆಯ ಡಬ್ಬಿ ತೆರೆಯ ಮೇಲೆ ಕೆಳಗಿನ ಸಾಲಿಗೆ ಬೀಳುತ್ತದೆ. ಎಷ್ಟೋ ಸಲ ಹಾಗೆ ಬೀಳಿಸಿಕೊಂಡೇ ಹುಲಿಗೆಮ್ಮ ಪಾಠ ಕಲಿತಿದ್ದಳು.

“ನನಗ ಕಲಸಾಕ ಬರ್ತಿಯೇನ? ಹೊರಗ ನಿಂದ್ರು!” ಎಂದು ಅಧಿಕಾರಿ ಕೂಗಿದರು. ಮಗು ತಲೆ ತಗ್ಗಿಸಿಕೊಂಡು ಹೋಗಿ ಬಿಸಿಲಲ್ಲಿ ನಿಂತಿತು. ಬೋರ್ಡಿನ ಅಂಕಿಗಳು ಒಂದೂ ಬದಲಾಗದೆ ವರದಿಗೆ ಇಳಿದವು.

ಸಿಟ್ಟು ಇನ್ನೂ ಇಳಿದಿಲ್ಲ. ಅದು ಅವರೊಬ್ಬರ ಮೇಲಿನ ಸಿಟ್ಟಾಗಿದ್ದರೆ ಇಷ್ಟೊತ್ತಿಗೆ ಬೈದು ಹಗುರಾಗುತ್ತಿದ್ದೆ. ಆ ವರದಿಯ ಕೆಳಗೆ, ‘ಗಣಿತ ಶಿಕ್ಷಕರು’ ಎಂದು ಅಚ್ಚಾದ ಜಾಗದಲ್ಲಿ ಇರುವ ಸಹಿ ನನ್ನದು.