ಗಂಗವ್ವನ ಜೋಗುಳಕ್ಕೆ ಒಯ್ದ ಮೈಕು

ಎಂಬತ್ತೊಂಬತ್ತನೇ ಇಸವಿ. ರಾಣೇಬೆನ್ನೂರಿನಲ್ಲಿ ನಮ್ಮದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಆಂಪ್ಲಿಫೈಯರ್, ಹಾರ್ನು, ವೈರು ನನ್ನ ಯಜಮಾನರ ಪಾಲಿಗೆ. ಗಂಡಸರು ಹೋಗುವಂತಿಲ್ಲದ ಕೋಣೆಗೆ, ಅಂದರೆ ಸೀಮಂತಕ್ಕೆ, ತೊಟ್ಟಿಲ ಶಾಸ್ತ್ರಕ್ಕೆ ಮೈಕು ಒಯ್ಯುವುದು ನನ್ನ ಪಾಲಿಗೆ. ನಾನು ಓದಿದ್ದು ಎರಡನೇ ಇಯತ್ತೆ. ಕಸುಬನ್ನು ನೋಡಿ ಕಲಿತೆ.

ಮೈಕುಗಳೆಲ್ಲ ಒಂದೇ ಎಂದು ಜನ ತಿಳಿಯುತ್ತಾರೆ. ಡೈನಾಮಿಕ್ ಮೈಕು ಗಟ್ಟಿ ಜೀವ. ಬಿದ್ದರೂ ನಡೆಯುತ್ತದೆ, ಆದರೆ ತುಟಿಯ ಹತ್ತಿರವೇ ಹಿಡಿಯಬೇಕು. ಗದ್ದಲದಲ್ಲಿ ಭಾಷಣಕ್ಕೆ ಅದೇ ಸರಿ. ಕಂಡೆನ್ಸರ್ ನಾಜೂಕಿನದು, ಸೆಲ್ ಹಾಕಬೇಕು. ಮೆತ್ತಗಿನ ದನಿಯನ್ನು ದೂರದಿಂದ ಹಿಡಿಯುತ್ತದೆ. ಜೊತೆಗೆ ಕೆಮ್ಮು, ಬಳೆ, ಪಾತ್ರೆ ಎಲ್ಲವನ್ನೂ. ಗುಂಡಿಯಷ್ಟಿರುವ ಕಾಲರ್ ಮೈಕನ್ನು ಬಟ್ಟೆಗೆ ಸಿಕ್ಕಿಸಿದರೆ ಎರಡೂ ಕೈ ಖಾಲಿ.

ಆ ವರ್ಷ ದೀಪಾವಳಿ ಕಳೆದ ಮೇಲೆ ಐರಣಿಯ ಗಂಗವ್ವನನ್ನು ಮಗಳು ಶಾಂತಾ ಅಂಗಡಿಗೆ ಕರೆತಂದಳು. ಶಾಂತಾಳನ್ನು ಬ್ಯಾಡಗಿಗೆ ಕೊಟ್ಟಿದ್ದರು. ಚೊಚ್ಚಲ ಬಸಿರು, ಹೆರಿಗೆಗೆ ತವರಿಗೆ ಬಂದಿದ್ದಳು. ಗಂಗವ್ವನ ಗಂಟಲಲ್ಲಿ ಗಡ್ಡೆ. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಮರುದಿನವೇ ಹೊರಡಬೇಕಿತ್ತು. ಅವರ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಮೊದಲ ಜೋಗುಳ ತಾಯಿಯ ತಾಯಿಯದು. ಅವಳು ಮುಗಿಸುವ ತನಕ ಬೇರೆ ಯಾರೂ ಹಾಡುವುದಿಲ್ಲ. ಆ ಒಂದು ಹಾಡನ್ನು ಕ್ಯಾಸೆಟ್ಟಿಗೆ ತುಂಬಿಕೊಡಿ ಎಂದು ಶಾಂತಾ ಕೇಳಿದಳು.

ನಾನು ಡೈನಾಮಿಕ್ ಮೈಕು ಹಿಡಿದೆ.

"ಇದೇನ ಬೂಬವ್ವ, ಬದನಿಕಾಯಿ ಬಾಯಾಗ ತುರಕ್ತೀಯೇನ?" ಎಂದಳು ಗಂಗವ್ವ.

"ಬದನಿಕಾಯಿ ಅಲ್ಲ, ಮಂತ್ರಿಗಳು ಮಾತಾಡೋ ಮೈಕ್ ಐತಿ."

"ಹಂಗಾರ ಬ್ಯಾಡ. ಸುಳ್ಳು ಹತ್ತಿರತೈತಿ."

ಅಂಜಿದ್ದಾಳೆಂದು ಕಂಡೆನ್ಸರನ್ನು ದೂರದಲ್ಲಿ ಸ್ಟ್ಯಾಂಡಿಗೆ ಹಾಕಿದೆ. ಬಾಯಿ ತೆರೆದಳು, ಮುಚ್ಚಿದಳು.

"ಹಾಡಬೇ ಯವ್ವಾ, ಬಸ್ಸಿಗೆ ಹೊತ್ತಾಗತೈತಿ," ಎಂದಳು ಶಾಂತಾ.

"ಹೊಟ್ಟ್ಯಾಗಿನ ಕೂಸಿಗೆ ಜೋಗುಳ ಹಾಡ್ತಾರೇನ? ಖಾಲಿ ತೊಟ್ಟಿಲ ತೂಗಿದ್ರ ಕೂಸಿಗೆ ಕೇಡು. ನನ್ನ ದನಿ ಹೋದ್ರ ಹೋಗ್ಲಿ."

"ಬೀಸೂ ಪದನಾರ ಹಾಡು," ಎಂದೆ ನಾನು.

"ಹಾಡಿದ್ರ ಈಕಿ ಅದನ್ನ ತೊಟ್ಟಿಲದಾಗ ಹಚ್ತಾಳ. ಬೀಸೂ ಕಲ್ಲಿನ ಹಾಡು ಕೂಸಿಗೆ ಯಾಕ?"

"ನಾಳಿಂದ ನಿನ್ನ ದನಿ ಎಲ್ಲಿಂದ ತರ್ಲಿಬೇ?" ಶಾಂತಾ ಅತ್ತಳು. ಗಂಗವ್ವ ಚಪ್ಪಲಿ ಮೆಟ್ಟಿದಳು. ಕ್ಯಾಸೆಟ್ಟಿಗೆ ಜೋಗುಳ ಬರಲೇ ಇಲ್ಲ.

ಆಪರೇಶನ್ ಆಯಿತು. ಶಾಂತಾ ಹೆಣ್ಣು ಹೆತ್ತಳು. ಹೆಸರಿಡುವ ದಿನ ಐರಣಿಗೆ ಸೆಟ್ ಒಯ್ದೆವು. ಗಂಗವ್ವ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡಿದ್ದಳು. ಅದರ ಹಿಂದಿನ ತೂತಿನಿಂದಲೇ ಉಸಿರಾಟ. ಶಾಂತಾ ನನ್ನನ್ನು ಮೂಲೆಗೆ ಕರೆದಳು.

"ಆ ಸಣ್ಣ ಮೈಕ್ ಅವ್ವನ ಕೊಳ್ಳಾಗ ಹಚ್ಚರಿ. ಪಿಸುದನಿಯಾರ ಬಂದೀತು."

"ಇಲ್ಲದ್ದನ್ನ ಮೈಕ್ ತರಾಂಗಿಲ್ಲ ತಂಗಿ. ಇದ್ದದ್ದನ್ನ ದೊಡ್ಡದು ಮಾಡತೈತಿ, ಅಷ್ಟ."

ಕೇಳಲಿಲ್ಲ. ನನ್ನ ಕೈಯಿಂದ ಕಸಿದು ತಾನೇ ಸಿಕ್ಕಿಸಿದಳು. ಸ್ಪೀಕರ್ ಪೆಟ್ಟಿಗೆಯಿಂದ ಸೈಕಲ್ ಟ್ಯೂಬಿನ ಗಾಳಿ ಬಿಟ್ಟಂತೆ ಸದ್ದು ಬಂತು. ಕೋಣೆ ತುಂಬ ಗಂಗವ್ವನ ಉಸಿರು. ಹೆಂಗಸರು ನೆಲ ನೋಡಿದರು. ಗಂಗವ್ವ ಪೆಟ್ಟಿಗೆಯತ್ತ ಒಮ್ಮೆ ನೋಡಿ, ಮೈಕನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ನಾನು ಬಂದ್ ಮಾಡಿದೆ.

ಆಮೇಲೆ ತೊಟ್ಟಿಲ ಹಗ್ಗ ಹಿಡಿದು ತುಟಿ ಆಡಿಸತೊಡಗಿದಳು. ಅವಸರ ಮಾಡಲಿಲ್ಲ, ಒಂದು ನುಡಿಯನ್ನೂ ಬಿಟ್ಟಂತೆ ಕಾಣಲಿಲ್ಲ. ಅವಳು ಮುಗಿಸುವ ತನಕ ಯಾರೂ ಹಾಡುವಂತಿಲ್ಲ, ಹಾಡಲಿಲ್ಲ. ಹಗ್ಗದ ಕಿರಕಿರ ಸದ್ದೊಂದೇ ಇತ್ತು. ಶಾಂತಾ ತಲೆ ಎತ್ತಲಿಲ್ಲ.

ಎರಡು ವರ್ಷದಲ್ಲಿ ಗಂಗವ್ವ ತೀರಿಕೊಂಡಳು. ಮೊಮ್ಮಗಳು ಅಜ್ಜಿಯ ದನಿಯನ್ನು ಕೇಳಲೇ ಇಲ್ಲ. ಯಾವ ಮೈಕು ಬೇಕೆಂದು ಬಾಡಿಗೆಗೆ ಬಂದವರನ್ನು ಕೇಳಿದರೆ ಸಾಕು. ಬೇಕೋ ಬೇಡವೋ ಎಂಬುದನ್ನು ಮಾತ್ರ ಹಾಡುವವರನ್ನೇ ಕೇಳಬೇಕು. ಅವರು ಬೇಡವೆಂದರೆ ವೈರು ಸುತ್ತಿಕೊಂಡು ಸುಮ್ಮನೆ ಕೂಡಬೇಕು.