ಶುಭಲಕ್ಷಣದ ಗಾಡಿ

ಶ್ರೀರಂಗಪಟ್ಟಣದಲ್ಲಿ ನಾನು ಅರ್ಚಕ. ಗಾಡಿ ಕೊಂಡವರು ಮೊದಲು ಬರುವುದು ನಮ್ಮ ಗುಡಿಯ ಬಾಗಿಲಿಗೆ. ಬಾನೆಟ್ಟಿಗೆ ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು, ಮುಂದೆ ಒಂದು ತೆಂಗಿನಕಾಯಿ. ಕೊನೆಗೆ ನನ್ನ ಬಾಯಿಂದ "ಶುಭಲಕ್ಷಣದ ಗಾಡಿ" ಎಂಬ ಮಾತು. ಇದನ್ನು ಎಲ್ಲರಿಗೂ ಹೇಳುತ್ತೇನೆ. ತಾಳಿ ಕಟ್ಟಿಯಾದ ಮೇಲೆ ಗಂಡಿನ ಮೂಗು ಸೊಟ್ಟ ಎಂದು ಹೇಳಿ ಯಾರಿಗೆ ಏನಾಗಬೇಕು?

ಆದರೆ ನನ್ನ ಕೈಗೊಂದು ಚಾಳಿ ಅಂಟಿದೆ. ದಿನವೂ ಕಾಯಿ ಒಡೆಯುವವನು. ಬೆರಳ ಗೆಣ್ಣಿನಿಂದ ತಟ್ಟಿದರೆ ಒಳಗೆ ಕೊಳೆತಿದೆಯೋ ಇಲ್ಲವೋ ತಿಳಿಯುತ್ತದೆ. ಕುಂಕುಮ ಇಡುವ ನೆಪದಲ್ಲಿ ಗಾಡಿಗಳನ್ನೂ ತಟ್ಟುತ್ತೇನೆ. ತಗಡು ಗಟ್ಟಿಯಿದ್ದರೆ ಟಣ್ ಎನ್ನುತ್ತದೆ. ತುಕ್ಕು ತಿಂದ ಜಾಗಕ್ಕೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ದಬ್ ಎನ್ನುತ್ತದೆ. ದಬ್ ಎಂದರೂ ನನ್ನ ಮಾತು ಅದೇ.

ಎಂಟು ವರ್ಷದ ಹಿಂದೆ ಒಂದು ಕೆಂಪು ಸ್ಪೋರ್ಟ್ಸ್ ಕಾರು ಬಂತು. ಸೊಂಟದೆತ್ತರ, ಎರಡೇ ಸೀಟು, ಮಡಚುವ ಬಟ್ಟೆಯ ಚಾವಣಿ, ನಮ್ಮಪ್ಪನ ಕಾಲದ್ದು. ನಾಗಮಂಗಲದ ಅಕ್ಕಿ ಗಿರಣಿಯ ಯಜಮಾನರು ಎಲ್ಲಿಂದಲೋ ಹುಡುಕಿ ಕೊಂಡು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂದಿದ್ದರು. ಅದನ್ನು ನೋಡಿ ನನಗೆ ಮಂತ್ರವೇ ಮರೆತುಹೋಯಿತು. ಹೇಳಿಕೊಳ್ಳಲು ನಾಚಿಕೆ, ದೇವರ ಎದುರಿಗೇ ಆಸೆಪಟ್ಟೆ.

ಮೊನ್ನೆ ಆ ಯಜಮಾನರದೇ ಫೋನು. "ಮಂಡಿ ನೋವು ಐನೋರೇ, ಅದ್ರೊಳಕ್ಕೆ ಕುಂತ್ರೆ ಏಳಕ್ಕಾಗಲ್ಲ. ಕಡ್ಮೆಗೇ ಕೊಟ್ಬುಡ್ತೀನಿ, ಬಂದ್ ನೋಡಿ" ಎಂದು ಒಂದು ಸ್ಕೂಟರಿನ ಬೆಲೆ ಹೇಳಿದರು.

ಮನೆಯಲ್ಲಿ ಹೇಳಿದೆ. "ಗಟ್ಟಿಯಾಗಿದ್ರೆ ತಗೊಳ್ಳಿ. ಆದ್ರೆ ನಾನೂ ಬಂದು ನೋಡ್ತೀನಿ" ಎಂದಳು ಹೆಂಡತಿ. ಬರಲಿ ಎಂದೇ ನನಗೂ ಇತ್ತು. ಯಜಮಾನರು ಮಾತುಗಾರರು, ಅವರ ಬಾಯಲ್ಲಿ ಕಾರಿನ ಗುಣಗಾನ ಕೇಳಿದರೆ ಅವಳು ಕರಗುತ್ತಾಳೆ ಎಂಬ ಲೆಕ್ಕ. ಪಾಂಡವಪುರದ ಮೇಲೆ ಬಸ್ಸಿನಲ್ಲಿ ಹೋಗುವಾಗಲೇ ಅದನ್ನು ನಮ್ಮ ಓಣಿಯಲ್ಲಿ ಎಲ್ಲಿ ನಿಲ್ಲಿಸುವುದೆಂದು ಗೊತ್ತು ಮಾಡಿಬಿಟ್ಟಿದ್ದೆ.

ಕಾರು ಗಿರಣಿಯ ಹಿಂದೆ, ತೌಡಿನ ಮೂಟೆಗಳ ಪಕ್ಕ ನಿಂತಿತ್ತು. ಕೆಂಪು ಮಾತ್ರ ಹಾಗೇ ಇತ್ತು. ತಟ್ಟುತ್ತಾ ಒಂದು ಪ್ರದಕ್ಷಿಣೆ ಹಾಕಿದೆ. ಬಾನೆಟ್ಟು ಟಣ್. ಬಲಬಾಗಿಲು ಟಣ್. ಎಡಬಾಗಿಲು ದಬ್, ಅದರ ಕೆಳಗಿನ ಪಟ್ಟಿ ಪೂರ್ತಿ ದಬ್. ಎಡಸೀಟಿನ ಮುಂದಿನ ಮ್ಯಾಟು ಎತ್ತಿದರೆ ಅಂಗೈಯಗಲದ ತೂತು. ಅದರೊಳಗಿಂದ ನೆಲದ ಮೇಲೆ ಚೆಲ್ಲಿದ ತೌಡು ಕಾಣಿಸಿತು. ಮೇಲೆ ಥಳಕು, ಒಳಗೆ ಹುಳುಕು.

ಮ್ಯಾಟನ್ನು ಮೆಲ್ಲಗೆ ಮುಚ್ಚಿದೆ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಯಾಕ್ ಐನೋರೇ ಸುಮ್ಕಾಗ್ಬುಟ್ರಿ?" ಎಂದರು ಯಜಮಾನರು. "ಅವತ್ತು ನೀವೇ ಅಂದಿದ್ರಲ್ಲಾ, ಶುಭಲಕ್ಷಣದ ಗಾಡಿ ಅಂತ!"

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿತ್ತು. ಹೌದೆಂದರೆ ಕೊಳ್ಳಬೇಕು, ಅಲ್ಲವೆಂದರೆ ನಾನು ಅಂದು ಹೇಳಿದ್ದು ಸುಳ್ಳು. ಕಾರಿನ ಆಸೆ ಇನ್ನೂ ಬಿಟ್ಟಿರಲಿಲ್ಲ. ಆದರೆ ಎಂಟು ವರ್ಷ ನನ್ನ ಮಾತು ನಂಬಿಕೊಂಡ ಮನುಷ್ಯ ಎದುರಿಗೇ ನಿಂತಿದ್ದರು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

"ಅವತ್ತೂ ಎಡಗಡೆ ದಬ್ ಅಂತ್ಲೇ ಅಂದಿತ್ತು ಯಜಮಾನ್ರೇ. ನಾನು ಬಾಯಿ ಬಿಡಲಿಲ್ಲ. ತಪ್ಪಾಯ್ತು" ಎಂದೆ.

ಬೈಯುತ್ತಾರೆಂದು ಕಾದೆ. ಅವರು ಹೆಗಲ ಟವೆಲ್ಲನ್ನು ಬಾಯಿಗೊತ್ತಿಕೊಂಡು ನಕ್ಕರು. "ತಗಳಿ! ನಂಗೂ ಗೊತ್ತಿತ್ತು ಕಣ್ ಐನೋರೇ. ನಮ್ಮನೇವ್ಳು ನಂಬ್ಲಿ ಅಂತ್ಲೇ ಅಲ್ವಾ ನಿಮ್ತಾವ್ಕೆ ತಂದಿದ್ದು! ನೀವು ಶುಭಲಕ್ಷಣ ಅಂದ್ಮ್ಯಾಕೆ ಅವ್ಳು ಒಂದ್ ಮಾತೂ ಆಡ್ನಿಲ್ಲ."

ಹೆಂಡತಿ ನನ್ನ ಕಡೆ ತಿರುಗಿದಳು. "ಓಹೋ! ಇವತ್ತು ನನಗೆ ಹೇಳೋಕೆ ಯಾರನ್ನ ಗೊತ್ತು ಮಾಡಿದ್ರಿ?"

ನಾನು ಯಜಮಾನರನ್ನು ನೋಡಿದೆ. ಅವರು ತೌಡಿನ ಮೂಟೆ ನೋಡಿದರು.

ಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು. ಆದರೆ ಅವಳು, "ಬಂದಿದ್ದಾಯ್ತು, ಒಂದು ಸುತ್ತು ಹೋಗೋಣ" ಎಂದು ತಾನೇ ಹತ್ತಿ, ತೂತಿನ ಆಚೀಚೆ ಕಾಲಿಟ್ಟು ಕೂತಳು. ಚಾವಣಿ ಮಡಚಿ ಹೊರಟೆ. ರಾಗಿ ಹೊಲ ದಾಟುವಷ್ಟರಲ್ಲಿ ಅವಳ ಮುಡಿಯ ಹೂ ಗಾಳಿಗೆ ಹಾರಿಹೋಯಿತು. ಅವಳು ನಗುತ್ತಿದ್ದಳು. ಅಷ್ಟು ಸಂತೋಷ ನನಗೆ ಬಹಳ ದಿನದಿಂದ ಆಗಿರಲಿಲ್ಲ. ತೆಂಗಿನ ತೋಟದ ತಿರುವಿನಲ್ಲಿ ಇಂಜಿನ್ನು ಎರಡು ಸಲ ಕೆಮ್ಮಿ ನಿಂತಿತು, ಮತ್ತೆ ಏಳಲಿಲ್ಲ.

ಪಂಚೆ ಎತ್ತಿ ಕಟ್ಟಿ ಹಿಂದಿನಿಂದ ತಳ್ಳಿದೆ. ಹುಟ್ಟಿದಾರಭ್ಯ ಸ್ಟಿಯರಿಂಗ್ ಮುಟ್ಟದ ಅವಳು ನನ್ನ ಸೀಟಿಗೆ ಜರುಗಿ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಏದುಸಿರು ಬಿಡುತ್ತಾ ಗಿರಣಿಯ ಕಡೆ ತಳ್ಳುತ್ತಿದ್ದಾಗ, ಮಹಾರಾಣಿಯ ಹಾಗೆ ಕೂತಿದ್ದವಳು ತಲೆ ತಿರುಗಿಸಿ ಕೂಗಿದಳು:

"ರೀ, ಶುಭಲಕ್ಷಣದ ಗಾಡಿ ಕಣ್ರೀ!"